ಕವಿತೆಯ ಒಂದು ಪದ ಬದಲಿಸಿ ನೋಡಿ

ಇಂಗ್ಲಿಷ್ ರೊಮ್ಯಾಂಟಿಕ್ ಕವಿತೆ ಓದಿ ‘ಎಂಥ ಸೊಗಸಾದ ವರ್ಣನೆ’ ಅಂತ ಸುಮ್ನೆ ಮುಂದೆ ಹೋಗಬೇಡಿ. ಚಿತ್ರ ಕಣ್ಣಿಗೆ ಕಟ್ಟಿದ್ದು ಯಾವ ಪದದಿಂದ ಅಂತ ಹುಡುಕಿ. ಆ ಪದ ತೆಗೆದು ಅಲ್ಲಿ ಬೇರೆಯದನ್ನು ಇಟ್ಟು, ಏನು ಕಳೆದುಹೋಯಿತು ಅಂತ ನೋಡಿ. ಕವಿಯೇ ಬದಲಿಸಿದ ಪದ ಸಿಕ್ಕರೆ ಇನ್ನೂ ಒಳ್ಳೆಯದು.

ಡ್ಯಾಫೊಡಿಲ್ ಅನ್ನೋ ಹಳದಿ ಹೂಗಳ ಮೇಲಿನ ವರ್ಡ್ಸ್‌ವರ್ತ್‌ನ ಕವಿತೆ ತಗೊಳ್ಳಿ. 1807ರಲ್ಲಿ ಅಚ್ಚಾದಾಗ ಮೊದಲ ಪದ್ಯದ ಹೂಗಳು ‘ಡ್ಯಾನ್ಸಿಂಗ್’, ಅದೇ ಪದ್ಯದ ಕೊನೆಯ ಸಾಲಲ್ಲಿ ಮತ್ತೆ ‘ಡ್ಯಾನ್ಸಿಂಗ್’. ಕುಣಿತವೋ ಕುಣಿತ, ಬಣ್ಣವೇ ಇಲ್ಲ. 1815ರಲ್ಲಿ ಮೊದಲನೆಯದನ್ನು ತೆಗೆದು ‘ಗೋಲ್ಡನ್’ ಹಾಕಿದ. ಎರಡೂ ಪದಗಳ ಉದ್ದ ಒಂದೇ, ಒತ್ತು ಬೀಳುವ ಜಾಗವೂ ಒಂದೇ, ಹಾಗಾಗಿ ಇದು ಲಯಕ್ಕೋಸ್ಕರ ಮಾಡಿದ ಬದಲಾವಣೆ ಅನ್ನೋ ಹಾಗಿಲ್ಲ. ಈಗ ಕೆಳಗೆ ಇಳಿದು ಬನ್ನಿ: ಎರಡನೇ ಪದ್ಯದ ಕೊನೆಯಲ್ಲಿ ಈ ನೋಟ ತನಗೆ ಎಂಥ ‘ವೆಲ್ತ್’ ಕೊಟ್ಟಿತು ಅನ್ನೋ ಮಾತಿದೆ (1815ರಲ್ಲಿ ನಕ್ಷತ್ರಗಳ ಪದ್ಯ ಸೇರಿದ ಮೇಲೆ ಅದು ಮೂರನೆಯದು, ಅಲ್ಲಿ ಹುಡುಕಿ). ಮೊದಲೂ ಇದ್ದ ಮಾತು ಅದು. ಆದರೆ ಮೇಲೆ ಚಿನ್ನ ಬಂದ ಮೇಲೆ ಆ ಸಂಪತ್ತು ಬರೀ ಮಾತಾಗಿ ಉಳಿಯಲಿಲ್ಲ, ಕಣ್ಣಿಗೂ ಕಾಣುತ್ತದೆ. ಪದವನ್ನು ಅದರ ಸಾಲಲ್ಲೇ ನೋಡಿ ಬಿಡಬಾರದು ಅನ್ನೋದು ಇದಕ್ಕೇ.

ಇನ್ನೊಂದು ಪದ ‘ಲೋನ್ಲಿ’. 1802ರ ಏಪ್ರಿಲ್ 15ರಂದು ಆ ಹೂಗಳನ್ನು ಕಂಡಾಗ ತಂಗಿ ಡೊರೊಥಿ ಜೊತೆಗೇ ಇದ್ದಳು, ಹೂಗಳು ಕುಣಿದದ್ದನ್ನು ಡೈರಿಯಲ್ಲೂ ಬರೆದಿಟ್ಟಳು. ಕವಿತೆಯಲ್ಲಿ ಮಾತ್ರ ಅವಳಿಲ್ಲ! ಒಬ್ಬನೇ ಅಲೆಯುವವನ ಎದುರಿಗಲ್ವಾ ಆ ಹೂಗಳು ಅಷ್ಟು ದೊಡ್ಡ ಗುಂಪಾಗಿ ಕಾಣೋದು?

ವಿಶೇಷಣಕ್ಕಿಂತ ಕ್ರಿಯಾಪದದ ಮೇಲೆ ಜಾಸ್ತಿ ಕಣ್ಣಿಡಿ. ಕೀಟ್ಸ್ 1819ರ ಸೆಪ್ಟೆಂಬರಿನಲ್ಲಿ ಬರೆದ ಶರತ್ಕಾಲದ ಕವಿತೆಯಲ್ಲಿ ಸಂಜೆ ಮೋಡಗಳು ಹೊಳೆಯೋದಿಲ್ಲ, ‘ಬ್ಲೂಮ್’ ಆಗುತ್ತವೆ. ಕೊಯ್ಲು ಮುಗಿದು ಬರೀ ಕೂಳೆ ಉಳಿದ ಹೊಲದ ಮೇಲೆ ಮೋಡ ಹೂವಿನ ಹಾಗೆ ಅರಳುತ್ತದೆ. ಅಲ್ಲಿ ‘ಶೈನ್’ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಬೆಳಕು ಉಳಿಯುತ್ತದೆ, ಹೂವು ಹೋಗುತ್ತದೆ. ಉತ್ತರ ಬರೆಯುವಾಗ ‘ಪ್ರಕೃತಿ ಪ್ರೇಮ’ದ ಬದಲು ಈ ವ್ಯತ್ಯಾಸವನ್ನೇ ಬರೆಯಿರಿ.