ಈಸ್ಟ್ ಬಾಟಲಿಗೆ ಆಫ್ ಸ್ವಿಚ್ ಇಲ್ಲ

ನನ್ನದು ಮೀನು, ನೀರಿನ ಗಿಡ ಎರಡೂ ಇರುವ 60 ಲೀಟರಿನ ಟ್ಯಾಂಕ್. ಲೈಟ್ ಚೆನ್ನಾಗಿತ್ತು, ಗೊಬ್ಬರವನ್ನೂ ಹಾಕುತ್ತಿದ್ದೆ. ಆದರೂ ಗಿಡಗಳು ನೆಟ್ಟಲ್ಲೇ ನಿಂತಿದ್ದವು. ಪಾಚಿ ಮಾತ್ರ ಸೊಂಪಾಗಿ ಬೆಳೆಯುತ್ತಿತ್ತು. ಕೊರತೆ ಇದ್ದದ್ದು ಕಾರ್ಬನ್ನಿನದು, ಅಂದರೆ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನದು. ಇಷ್ಟು ಚಿಕ್ಕ ಟ್ಯಾಂಕಿಗೆ ಸಿಲಿಂಡರ್, ರೆಗ್ಯುಲೇಟರ್ ಎಲ್ಲ ಯಾಕೆ ಅಂದುಕೊಂಡು ಸಕ್ಕರೆ, ಈಸ್ಟ್ ಬಾಟಲಿಗೆ ಕೈ ಹಾಕಿದೆ.

ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲನ್ನೂ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಬ್ರೆಡ್ಡಿನ ಹಿಟ್ಟು ಉಬ್ಬುವುದೂ ಹೀಗೆಯೇ. ಅಷ್ಟು ಗೊತ್ತಿತ್ತು. ಜಾಸ್ತಿ ಈಸ್ಟ್ ಹಾಕಿದರೆ ಜಾಸ್ತಿ ಗ್ಯಾಸ್ ಅಲ್ವಾ ಎಂದು ಒಂದು ಚಮಚ ತುಂಬ ಸುರಿದು, ಬಾಟಲಿಯ ಕತ್ತಿನ ತನಕ ನೀರು ತುಂಬಿಸಿದೆ. ಸಂಜೆ ಗುಳ್ಳೆ ಬರುವುದು ನೋಡಿ ಖುಷಿಯೋ ಖುಷಿ. ಬೆಳಿಗ್ಗೆ ಎದ್ದು ನೋಡಿದರೆ ನೊರೆ ಪೈಪ್ ಹತ್ತಿ ಟ್ಯಾಂಕಿಗೆ ಇಳಿದಿತ್ತು. ನೀರು ತೆಳ್ಳಗಿನ ಮಜ್ಜಿಗೆಯಂತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಸಕ್ಕರೆ ನೀರು ಸೇರಿದರೆ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಖಾಲಿಯಾಗುತ್ತದೆ. ಅರ್ಧ ನೀರು ಬದಲಿಸಿ, ಇಡೀ ದಿನ ಏರ್ ಪಂಪ್ ಓಡಿಸಿದೆ.

ಎರಡನೇ ಸಲ ಅಳತೆ ಬದಲಾಯಿತು. 2 ಲೀಟರಿನ ಬಾಟಲಿಗೆ ಎರಡು ಕಪ್ ಸಕ್ಕರೆ, ಕಾಲು ಚಮಚ ಈಸ್ಟ್, ಅರ್ಧ ಚಮಚ ಅಡುಗೆ ಸೋಡಾ. ಉಗುರುಬೆಚ್ಚಗಿನ ನೀರು, ಮೇಲೆ ಸ್ವಲ್ಪ ಜಾಗ ಖಾಲಿ. ನೀರು ಬಿಸಿ ಇದ್ದರೆ ಈಸ್ಟ್ ಸತ್ತೇ ಹೋಗುತ್ತದೆ. ಬಾಟಲಿ ಗ್ಯಾಸ್ ಪಾನೀಯದ್ದೇ ಆಗಬೇಕು, ಅದು ಒತ್ತಡ ತಡೆಯುತ್ತದೆ. ಗಾಜಿನದಂತೂ ಬೇಡವೇ ಬೇಡ.

ನನ್ನನ್ನು ಹೆಚ್ಚು ಸತಾಯಿಸಿದ್ದು ಮುಚ್ಚಳ. ಆ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪೈಪಿಗಿಂತ ತುಸು ಸಣ್ಣ ತೂತು ಕೊರೆದು, ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಇಕ್ಕಳದಿಂದ ಎಳೆದೆ. ಬಿಗಿಯಾಗಿ ಕೂತಿತು. ಆಮೇಲೆ ಸೋಪಿನ ನೀರು ಸವರಿ ಬಾಟಲಿ ಅದುಮಿ ನೋಡಿದೆ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದೇ ಅರ್ಥ.

ಈಸ್ಟ್ ಬಾಟಲಿಗೂ ಟ್ಯಾಂಕಿಗೂ ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಸಣ್ಣ ಬಾಟಲಿ ಇಟ್ಟೆ. ಒಳಗೆ ಬರುವ ಪೈಪ್ ನೀರಿನಲ್ಲಿ ಮುಳುಗಿರಬೇಕು, ಹೊರಗೆ ಹೋಗುವುದು ಮುಚ್ಚಳದ ಕೆಳಗೇ ನಿಲ್ಲಬೇಕು. ನೊರೆ ಅಲ್ಲೇ ನಿಲ್ಲುತ್ತದೆ, ಗುಳ್ಳೆ ಎಣಿಸಲೂ ಆಗುತ್ತದೆ. ಟ್ಯಾಂಕಿನ ನೀರು ಹಿಂದಕ್ಕೆ ಹರಿಯದಂತೆ ಒಂದು ಚೆಕ್ ವಾಲ್ವ್. ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಸೆರಾಮಿಕ್ ಡಿಫ್ಯೂಸರಿಗೆ ಒತ್ತಡ ಜಾಸ್ತಿ ಬೇಕು. ನನ್ನ ಮುಚ್ಚಳ ಅದಕ್ಕಿಂತ ಮೊದಲೇ ಸೋರಿತು. ಹಾಗಾಗಿ ಪೈಪಿನ ತುದಿಯನ್ನು ಫಿಲ್ಟರ್ ನೀರು ಎಳೆದುಕೊಳ್ಳುವ ಬಾಯಿಗೆ ಸಿಕ್ಕಿಸಿದೆ. ಒಳಗಿನ ಚಕ್ರ ಗುಳ್ಳೆಗಳನ್ನು ಪುಡಿ ಮಾಡುತ್ತದೆ. ಸ್ವಲ್ಪ ಗರಗರ ಸದ್ದು ಬರುತ್ತದೆ, ನನಗೆ ಅಭ್ಯಾಸವಾಗಿದೆ.

ರಾತ್ರಿಯದ್ದೇ ಬೇರೆ ಕಥೆ. ಲೈಟ್ ಆರಿದ ಮೇಲೆ ಗಿಡಗಳಿಗೆ ಈ ಗ್ಯಾಸ್ ಬೇಡ. ಅವೂ ಉಸಿರಾಡಿ ಅದನ್ನೇ ಬಿಡುತ್ತವೆ. ಈಸ್ಟಿಗೆ ಹಗಲು ರಾತ್ರಿ ಎಲ್ಲ ಒಂದೇ. ಪೈಪ್ ಮಡಚಿ ಕಟ್ಟಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ, ಬಾಟಲಿ ಸಿಡಿಯುತ್ತದೆ. ನಾನು ಟೈಮರಿಗೆ ಏರ್ ಪಂಪ್ ಹಾಕಿ, ಲೈಟ್ ಆರಿದಾಗ ಅದು ಶುರುವಾಗುವಂತೆ ಮಾಡಿದೆ. ನೀರಿನ ಮೇಲ್ಮೈ ಅಲುಗಿದರೆ ಹೆಚ್ಚಿನ ಗ್ಯಾಸ್ ಹಾರಿಹೋಗುತ್ತದೆ. ಜೊತೆಗೆ ನೀರಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಇದೆ, ಅದರಲ್ಲಿ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ತುಂಬಿರುತ್ತದೆ. ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಹಳದಿಯಾದರೆ ಅತಿ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು, ಅದಕ್ಕೇ ಮೀನುಗಳ ಮೇಲೂ ಒಂದು ಕಣ್ಣಿಟ್ಟಿರುತ್ತೇನೆ.

ಮೊದಲ ವಾರ ಗುಳ್ಳೆ ಜೋರು, ಎರಡನೇ ವಾರದ ಕೊನೆಗೆ ಸುಸ್ತು. ಈ ಏರಿಳಿತದಲ್ಲೇ ಎಲೆಯಂಚಿಗೆ ಕಪ್ಪು ಗಡ್ಡದಂಥ ಪಾಚಿ ಹತ್ತಿತು. ಆಮೇಲೆ ಎರಡು ಬಾಟಲಿ ಜೋಡಿಸಿದೆ. ಒಂದು ವಾರ ಇದನ್ನು, ಮುಂದಿನ ವಾರ ಅದನ್ನು ಬದಲಿಸುತ್ತೇನೆ. ಎರಡಕ್ಕೂ ಬೇರೆ ಬೇರೆ ಚೆಕ್ ವಾಲ್ವ್ ಇರಬೇಕು. ಇಲ್ಲದಿದ್ದರೆ ಒಂದನ್ನು ಬಿಚ್ಚಿದಾಗ ಇನ್ನೊಂದರ ಗ್ಯಾಸೂ ಅಲ್ಲೇ ಹೊರಗೆ ಹೋಗುತ್ತದೆ.

ಈಗ ಮಧ್ಯಾಹ್ನದ ಹೊತ್ತಿಗೆ ಎಲೆಗಳ ಮೇಲೆ ಆಮ್ಲಜನಕದ ಸಣ್ಣ ಸಣ್ಣ ಮುತ್ತು ಕೂರುತ್ತವೆ. ಆದರೂ ಇದಕ್ಕಿಂತ ಬಹಳ ದೊಡ್ಡ ಟ್ಯಾಂಕಿಗೆ ನಾನು ಈಸ್ಟ್ ಕಟ್ಟುವುದಿಲ್ಲ. ನಾಲ್ಕೈದು ಬಾಟಲಿ ಸಾಲಾಗಿಟ್ಟುಕೊಂಡು ವಾರ ವಾರ ಸಕ್ಕರೆ ಅಳೆಯುತ್ತಾ ಕೂರುವುದು ಯಾರಿಗೆ ಬೇಕು?