ಕ್ರೀಮಿಗೆ ನೀರು ಸೇರಿದರೆ ಲೆಕ್ಕವೇ ಬೇರೆ

ಮುಖಕ್ಕೆ, ಕೈಕಾಲಿಗೆ ಹಚ್ಚಿಕೊಳ್ಳುವ ಮುಲಾಮು, ಕ್ರೀಮುಗಳನ್ನು ನಾನೇ ಮಾಡಿಕೊಳ್ಳಲು ಶುರುಮಾಡಿ ವರ್ಷಗಳಾದವು. ಯಾರಾದರೂ ಒಂದು ರೆಸಿಪಿ ತೋರಿಸಿ "ಇದು ಪೂರ್ತಿ ನೈಸರ್ಗಿಕ ತಾನೇ?" ಎಂದು ಕೇಳಿದರೆ, ಅದರಲ್ಲಿ ನೀರಿದೆಯಾ ಅಂತ ಮೊದಲು ನೋಡುತ್ತೇನೆ. ಲೋಳೆಸರ, ಗುಲಾಬಿ ಜಲ, ಹಾಲು, ಗಿಡಮೂಲಿಕೆಯ ಕಷಾಯ ಎಲ್ಲವೂ ನನ್ನ ಲೆಕ್ಕದಲ್ಲಿ ನೀರೇ. ಪದಾರ್ಥ ಎಷ್ಟು ಶುದ್ಧವಾಗಿದ್ದರೂ ಅದು ಹೇಗೆ ಕೆಡುತ್ತದೆ ಅನ್ನುವುದು ಗೊತ್ತಿರದಿದ್ದರೆ ಅದನ್ನು ಚರ್ಮಕ್ಕೆ ಹಚ್ಚುವ ಧೈರ್ಯ ನನಗಿಲ್ಲ.

ಹೊಸಬರಿಗೆ ಮುಲಾಮಿನಿಂದಲೇ ಶುರುಮಾಡಿ ಎನ್ನುತ್ತೇನೆ. ಎಣ್ಣೆ, ಜೇನುಮೇಣ, ಇಷ್ಟೇ. ಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ನೇರ ಉರಿಯ ಮೇಲೆ ಇಡಬೇಕಾಗಿಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟರೆ ಸಾಕು. ತುಟಿಗೆ ಹಚ್ಚುವುದಾದರೆ ಒಟ್ಟು ತೂಕದ 20ರಿಂದ 25 ಶೇಕಡ ಮೇಣ ಹಾಕುತ್ತೇನೆ. ಕೈಗೆ, ಹಿಮ್ಮಡಿಗೆ 12ರಿಂದ 15 ಶೇಕಡ ಸಾಕು. ಚಮಚದ ಅಳತೆ ನಂಬಬೇಡಿ, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಹದ ನೋಡಲು ಒಂದು ಸ್ಟೀಲ್ ಚಮಚವನ್ನು ಫ್ರೀಜರ್‌ನಲ್ಲಿ ಇಟ್ಟಿರುತ್ತೇನೆ. ಅದರ ಮೇಲೆ ಎರಡು ಹನಿ ಬಿಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಬೆರಳಲ್ಲಿ ಉಜ್ಜಿ ನೋಡಿ ಮೇಣವನ್ನೋ ಎಣ್ಣೆಯನ್ನೋ ಸೇರಿಸಬಹುದು. ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಮರದ ಬೀಜದ ಕೊಬ್ಬು) ಹಾಕಿದ್ದರೆ ಮಾತ್ರ ನಿಧಾನವಾಗಿ ಆರಲು ಬಿಡಬಾರದು. ಅದರಲ್ಲಿನ ಗಟ್ಟಿ ಕೊಬ್ಬು ಮೊದಲೇ ಹರಳುಗಟ್ಟಿ, ಮುಲಾಮು ರವೆಯ ಹಾಗೆ ತರಿತರಿಯಾಗುತ್ತದೆ. ಬಿಡದೆ ಕಲಕುತ್ತಾ ಬೇಗ ತಣ್ಣಗಾಗಿಸಿದರೆ ನುಣುಪಾಗಿ ಉಳಿಯುತ್ತದೆ.

ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಅಲ್ಲಿ ಕಾಟ ಕೊಡುವುದು ಗಾಳಿ ಮತ್ತು ಬೆಳಕು: ಎಣ್ಣೆ ಕಮಟುತ್ತದೆ. ಯಾವ ಎಣ್ಣೆ ಎಷ್ಟು ಬೇಗ ಅನ್ನುವುದು ಅದರ ಕೊಬ್ಬಿನಾಮ್ಲಗಳ ಮೇಲೆ ನಿಂತಿದೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90 ಶೇಕಡ ಸಂತೃಪ್ತ ಕೊಬ್ಬು, ಅದಕ್ಕೇ ಅದು ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಮೊಡವೆ ಬರುವ ಮುಖಕ್ಕೆ ನಾನು ಅದನ್ನು ಕೊಡುವುದಿಲ್ಲ. ಜೊಜೊಬಾ ರಾಸಾಯನಿಕವಾಗಿ ಒಂದು ದ್ರವ ಮೇಣ, ತುಂಬ ಕಾಲ ಬಾಳುತ್ತದೆ. ರೋಸ್‌ಹಿಪ್ ಎಣ್ಣೆ ಚರ್ಮಕ್ಕೆ ನನಗೆ ಬಹಳ ಇಷ್ಟ, ಆದರೆ ಗಾಳಿ ತಾಗಿದರೆ ಸುಲಭಕ್ಕೆ ಕೆಡುವ ಲಿನೋಲಿಕ್, ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲಗಳೇ ಹೆಚ್ಚಿರುವುದರಿಂದ ಬೇಗ ಹಾಳಾಗುತ್ತದೆ. ಅದನ್ನು ಚಿಕ್ಕ ಬಾಟಲಿಯಲ್ಲಿ ತಂದು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸುತ್ತೇನೆ. ವಿಟಮಿನ್ ಇ ಅರ್ಧದಿಂದ ಒಂದು ಶೇಕಡ ಸೇರಿಸಿದರೆ ಕಮಟುವುದು ನಿಧಾನವಾಗುತ್ತದೆ. ಅದರ ಕೆಲಸ ಅಷ್ಟಕ್ಕೇ ಮುಗಿಯಿತು. "ವಿಟಮಿನ್ ಇ ಹಾಕಿದ್ದೇನೆ, ಪ್ರಿಸರ್ವೇಟಿವ್ ಬೇಡ" ಎನ್ನುವವರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ಅದು ಎಣ್ಣೆಯನ್ನು ಕಾಯುತ್ತದೆ, ಬ್ಯಾಕ್ಟೀರಿಯಾ, ಬೂಷ್ಟನ್ನು ತಡೆಯುವುದಿಲ್ಲ.

ಹೂವು, ಎಲೆಗಳನ್ನು ಎಣ್ಣೆಯಲ್ಲಿ ನೆನೆಹಾಕುವಾಗಲೂ ನೀರಿನದೇ ಮಾತು. ಕ್ಯಾಲೆಂಡುಲಾ ಎಸಳುಗಳನ್ನು ಬೆರಳಲ್ಲಿ ಹಿಸುಕಿದರೆ ಗರಿಗರಿಯಾಗಿ ಪುಡಿಯಾಗುವಷ್ಟು ಒಣಗಿಸಿಯೇ ಎಣ್ಣೆಗೆ ಹಾಕುತ್ತೇನೆ. ಹಸಿಯಾಗಿ ಹಾಕಿದರೆ ಎಸಳಿನ ತೇವ ತಳದಲ್ಲಿ ಉಳಿದು ಎಣ್ಣೆಗೆ ಹುಳಿ ವಾಸನೆ ಬರುತ್ತದೆ.

ಕ್ರೀಮು ಎಂದರೆ ಎಣ್ಣೆ ಮತ್ತು ನೀರನ್ನು ಜೊತೆಯಾಗಿ ಹಿಡಿದಿಡುವ ಕೆಲಸ. ಅದಕ್ಕೆ ಎಮಲ್ಸಿಫೈಯರ್ ಬೇಕೇ ಬೇಕು, ಜೇನುಮೇಣ ಒಂದೇ ಆ ಕೆಲಸ ಮಾಡುವುದಿಲ್ಲ. ನಾನು ಬಳಸುವುದು ಆಲಿವ್ ಎಣ್ಣೆಯಿಂದ ತಯಾರಾದ ಎಮಲ್ಸಿಫೈಯರ್. ನೂರು ಗ್ರಾಂ ಕ್ರೀಮಿಗೆ ಸುಮಾರು 20 ಗ್ರಾಂ ಎಣ್ಣೆ, 5 ಗ್ರಾಂ ಎಮಲ್ಸಿಫೈಯರ್, 3 ಗ್ರಾಂ ಗ್ಲಿಸರಿನ್, ಒಂದು ಗ್ರಾಂನಷ್ಟು ಪ್ರಿಸರ್ವೇಟಿವ್, ಉಳಿದದ್ದು ಡಿಸ್ಟಿಲ್ಡ್ ನೀರು. ಪಾತ್ರೆ, ಬ್ಲೆಂಡರು, ಡಬ್ಬಿ ಎಲ್ಲವನ್ನೂ 70 ಶೇಕಡ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ತಾನಾಗಿ ಆರಲು ಬಿಡುತ್ತೇನೆ. ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ ಬೇರೆ ಬೇರೆ ಪಾತ್ರೆಯಲ್ಲಿ 70ರಿಂದ 75 ಡಿಗ್ರಿಗೆ ಬಿಸಿ ಮಾಡಿ, ಒಂದಕ್ಕೊಂದು ಸುರಿದು ಸ್ಟಿಕ್ ಬ್ಲೆಂಡರ್ ಇಟ್ಟರೆ ತಿಳಿಹಳದಿ ದ್ರವ ಕಣ್ಣೆದುರೇ ಬೆಳ್ಳಗಾಗುತ್ತದೆ. ಈ ಹಂತದಲ್ಲಿ ಅದು ತೆಳ್ಳಗೇ ಇರುತ್ತದೆ, ಗಾಬರಿಪಟ್ಟು ಇನ್ನಷ್ಟು ಮೇಣ ಸುರಿಯಬೇಡಿ. ಆರುತ್ತಾ ಬಂದ ಹಾಗೆ ದಪ್ಪವಾಗುತ್ತದೆ. ಬ್ಲೆಂಡರ್ ಮೇಲೆತ್ತದೆ ಪೂರ್ತಿ ಮುಳುಗಿಸಿಯೇ ಹಿಡಿದರೆ ಗಾಳಿಗುಳ್ಳೆ ಕಡಿಮೆ.

40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ ಪ್ರಿಸರ್ವೇಟಿವ್. ಸೋಡಿಯಂ ಬೆಂಜೊಯೇಟ್ ಮತ್ತು ಪೊಟ್ಯಾಸಿಯಂ ಸಾರ್ಬೇಟ್, ಇಲ್ಲವೇ ಬೆಂಜೈಲ್ ಆಲ್ಕೋಹಾಲ್ ಮತ್ತು ಡಿಹೈಡ್ರೊಅಸಿಟಿಕ್ ಆಮ್ಲ, ಈ ಎರಡು ಜೋಡಿಗಳನ್ನು ನೈಸರ್ಗಿಕ ಸೌಂದರ್ಯವರ್ಧಕಗಳ ಮಾನದಂಡಗಳೂ ಒಪ್ಪುತ್ತವೆ. ಆದರೆ ಡಬ್ಬಿಗೆ ಹಾಕಿದ ಮಾತ್ರಕ್ಕೆ ಅವು ಕೆಲಸ ಮಾಡುವುದಿಲ್ಲ, ಕ್ರೀಮು ಆಮ್ಲೀಯವಾಗಿರಬೇಕು. ಬೆಂಜೊಯಿಕ್, ಸಾರ್ಬಿಕ್ ಆಮ್ಲಗಳು ಸೂಕ್ಷ್ಮಜೀವಿಯ ಪೊರೆ ದಾಟುವುದು ಅಯಾನುಗಳಾಗಿ ಒಡೆಯದೆ ಇಡಿಯಾಗಿದ್ದಾಗ. ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಏರಿದಷ್ಟೂ ಹಾಗೆ ಇಡಿಯಾಗಿ ಉಳಿಯುವ ಪಾಲು ಕುಸಿಯುತ್ತದೆ. ಆದ್ದರಿಂದ ಸಿಟ್ರಿಕ್ ಆಮ್ಲದ ದ್ರಾವಣವನ್ನು ಹನಿಹನಿಯಾಗಿ ಹಾಕಿ ಪಿಎಚ್ 5ರ ಒಳಗೆ ತರುತ್ತೇನೆ. ಆರೋಗ್ಯವಂತ ಚರ್ಮದ ಮೇಲ್ಮೈಯೂ 5ರ ಆಸುಪಾಸಿನಲ್ಲೇ ಇರುವುದರಿಂದ ಅದಕ್ಕೂ ಹಿತ. ನಿಂಬೆರಸವನ್ನು ನೇರವಾಗಿ ಮುಖಕ್ಕೆ ಹಚ್ಚಬೇಡಿ ಎನ್ನುವುದೂ ಈ ಅಳತೆಯಿಂದಲೇ. ಅದರ ಪಿಎಚ್ 2ರಿಂದ 3. ಅಡುಗೆ ಸೋಡಾ ಅತ್ತ 8ರ ಮೇಲೆ.

ಪ್ರಿಸರ್ವೇಟಿವ್ ಬಗ್ಗೆ ಇಷ್ಟು ಹಟ ಯಾಕೆಂದರೆ, ಗ್ರಾಂ ಒಂದಕ್ಕೆ ಲಕ್ಷಾಂತರ ಬ್ಯಾಕ್ಟೀರಿಯಾ ಇದ್ದರೂ ಕ್ರೀಮು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು. ಬೂಷ್ಟು ಕಣ್ಣಿಗೆ ಬೀಳುವ ಹೊತ್ತಿಗೆ ನಾವು ಅದನ್ನು ಎಷ್ಟೋ ಸಲ ಹಚ್ಚಿಕೊಂಡಾಗಿರುತ್ತದೆ. ಹಸಿ ಲೋಳೆಸರವನ್ನು ಕ್ರೀಮಿಗೆ ಹಾಕದಿರಲೂ ಇದೇ ಕಾರಣ. ಸಸ್ಯದ ತಿರುಳು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಆಹಾರ, ಪ್ರಿಸರ್ವೇಟಿವ್ ಸೋತುಬಿಡುತ್ತದೆ. ಬದಲಿಗೆ ಇನ್ನೂರು ಪಟ್ಟು ಸಾಂದ್ರಗೊಳಿಸಿದ ಪುಡಿ ಸಿಗುತ್ತದೆ, ಅರ್ಧ ಶೇಕಡ ಹಾಕಿದರೆ ಸಾಕು. ಹಸಿ ಎಲೆಯನ್ನೇ ಬಳಸುವುದಾದರೆ ಕತ್ತರಿಸಿ ನಿಲ್ಲಿಸಿ, ಸಿಪ್ಪೆಯ ಕೆಳಗಿನ ಹಳದಿ ರಸ ಸೋರಿಹೋಗಲು ಬಿಡಬೇಕು. ಚರ್ಮ ಉರಿಯುವುದು ಬಹಳ ಸಲ ಆ ರಸದಿಂದ.

ಎಸೆನ್ಶಿಯಲ್ ಆಯಿಲ್‌ಗಳ, ಅಂದರೆ ಗಿಡಗಳಿಂದ ತೆಗೆದ ಸಾಂದ್ರ ಸುಗಂಧ ತೈಲಗಳ ವಿಷಯದಲ್ಲಿ ನನ್ನ ಕೈ ಬಿಗಿ. ಮುಖದ ಕ್ರೀಮಿಗೆ ಅರ್ಧ ಶೇಕಡ, ಹೆಚ್ಚೆಂದರೆ ಒಂದು. ನಿಂಬೆ ಜಾತಿಯ ಬೆರ್ಗಮೋಟ್ ಹಣ್ಣಿನ ಸಿಪ್ಪೆಯಿಂದ ಹಿಂಡಿದ ಎಣ್ಣೆಯಲ್ಲಿ ಬೆರ್ಗಾಪ್ಟೆನ್ ಎಂಬ ರಾಸಾಯನಿಕ ಇರುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು. ಲ್ಯಾವೆಂಡರ್‌ನ ಲಿನಲೂಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಹೊಸತಾಗಿದ್ದಾಗ ಸೌಮ್ಯ. ಗಾಳಿಗೆ ಒಡ್ಡಿ ಹಳೆಯದಾದ ಬಾಟಲಿಯಲ್ಲಿ ಅವೇ ಅಲರ್ಜಿಕಾರಕಗಳಾಗುತ್ತವೆ. ಯುರೋಪಿಯನ್ ಒಕ್ಕೂಟ 2003ರಲ್ಲಿ ಲೇಬಲ್ ಮೇಲೆ ಹೆಸರಿಸಲೇಬೇಕೆಂದು ಪಟ್ಟಿ ಮಾಡಿದ 26 ಸುಗಂಧ ಅಲರ್ಜಿಕಾರಕಗಳಲ್ಲಿ ಇವೂ ಇದ್ದವು. 2023ರಲ್ಲಿ ಆ ಪಟ್ಟಿ 80 ದಾಟಿತು. ಅದರಲ್ಲಿ ಗಿಡಮರಗಳಿಂದಲೇ ಬರುವ ಪದಾರ್ಥಗಳು ಬೇಕಾದಷ್ಟಿವೆ.

ಸಾವಯವ ಎಣ್ಣೆಗೆ ಹೆಚ್ಚು ಹಣ ಕೊಡುವುದು ನನಗೆ ಒಪ್ಪಿತ. ಮಣ್ಣಿಗೆ, ಬೆಳೆಯುವವರಿಗೆ ಕಡಿಮೆ ವಿಷ ಬೀಳಲಿ ಎಂಬ ಕಾರಣಕ್ಕೆ. ಅದರಿಂದ ಚರ್ಮಕ್ಕೆ ಅಲರ್ಜಿ ಆಗುವುದಿಲ್ಲ ಎಂಬ ಭರವಸೆ ಮಾತ್ರ ಯಾವ ಪ್ರಮಾಣಪತ್ರದಲ್ಲೂ ಇಲ್ಲ. ಸೌಂದರ್ಯವರ್ಧಕಗಳಿಗೆ ಇರುವ ಕಾಸ್ಮೋಸ್ ಎಂಬ ಸಾವಯವ ಮಾನದಂಡದ ಪ್ರಕಾರ ಒಟ್ಟು ಉತ್ಪನ್ನದ ಕನಿಷ್ಠ 20 ಶೇಕಡ ಸಾವಯವವಾಗಿರಬೇಕು, ತೊಳೆದು ಹಾಕುವಂಥದ್ದಾದರೆ 10. ನೀರು ಹೊಲದಲ್ಲಿ ಬೆಳೆಯುವುದಲ್ಲವಾದ್ದರಿಂದ ಸಾವಯವ ಎಂದು ಲೆಕ್ಕಕ್ಕೆ ಬರುವುದಿಲ್ಲ. ಮುಕ್ಕಾಲು ಪಾಲು ನೀರೇ ಇರುವ ಕ್ರೀಮಿಗೆ ಆ ಅಂಕಿ ಚಿಕ್ಕದಾಗಿ ಕಾಣುವುದು ಇದಕ್ಕೇ.

ಬೇರೆಯವರಿಗೆ ಡಬ್ಬಿ ಕೊಡುವಾಗ ಎರಡು ಮಾತು ಹೇಳದೆ ಕೊಡುವುದಿಲ್ಲ. ಒದ್ದೆ ಬೆರಳು ಅದ್ದಬೇಡಿ. ಮುಖಕ್ಕೆ ಹಚ್ಚುವ ಮುಂಚೆ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಎಷ್ಟೋ ಸಲ ಮೊದಲ ದಿನ ತೋರುವುದೇ ಇಲ್ಲ. ಡಬ್ಬಿಯ ಮೇಲೆ ಮಾಡಿದ ದಿನಾಂಕವನ್ನೂ ಒಂದನ್ನೂ ಬಿಡದೆ ಎಲ್ಲ ಪದಾರ್ಥಗಳ ಹೆಸರನ್ನೂ ಬರೆದಿರುತ್ತೇನೆ. ತುರಿಕೆಯೋ ಗಂಧೆಯೋ ಎದ್ದರೆ ಹಚ್ಚುವುದು ನಿಲ್ಲಿಸಿ, ಆ ಡಬ್ಬಿಯನ್ನೇ ಚರ್ಮವೈದ್ಯರ ಬಳಿ ತೆಗೆದುಕೊಂಡು ಹೋಗಬಹುದು.