ತೆಳು ಲ್ಯಾಪ್‌ಟಾಪೋ, ದಪ್ಪದ್ದೋ? ನಾನು ಲೆಕ್ಕ ಹಾಕಿದ ರೀತಿ

ಹಳೆಯ ಲ್ಯಾಪ್‌ಟಾಪ್ ಬದಲಿಸಲು ಹೊರಟಾಗ ಕೊನೆಗೆ ಎರಡು ಮಾಡೆಲ್ ಉಳಿದವು. ಒಂದು 14 ಇಂಚಿನದು, 1.3 ಕೆಜಿ, ತೆಳ್ಳಗೆ. ಇನ್ನೊಂದು 16 ಇಂಚಿನದು, 2.4 ಕೆಜಿ. ಅದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಚಿತ್ರ, ವಿಡಿಯೊ ಕೆಲಸಕ್ಕೆಂದೇ ಇರುವ ಬೇರೆ ಚಿಪ್), ಎರಡು ರ‍್ಯಾಮ್ ಸ್ಲಾಟ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ ಕೂರುವ ಜಾಗ), ಇನ್ನೊಂದು ಎಸ್‌ಎಸ್‌ಡಿಗೆ (ಫೈಲ್ ಉಳಿಸಿಡುವ ಡ್ರೈವ್) ಜಾಗ, ಎಚ್‌ಡಿಎಂಐ, ಲ್ಯಾನ್, ಎಸ್‌ಡಿ ಕಾರ್ಡ್ ಸ್ಲಾಟ್, ನಂಬರ್ ಪ್ಯಾಡ್ ಎಲ್ಲವೂ ಇದ್ದವು. ಬೆಲೆ ಹೆಚ್ಚುಕಡಿಮೆ ಒಂದೇ. ಪಟ್ಟಿ ನೋಡಿದವರು ಯಾರಾದರೂ ದಪ್ಪದ್ದನ್ನೇ ತಗೋ ಅಂತಾರೆ. ಅಷ್ಟೇ ದುಡ್ಡಿಗೆ ಎಲ್ಲವೂ ಜಾಸ್ತಿ ಸಿಗುತ್ತೆ, ಅಲ್ವಾ?

ನನ್ನ ಕೆಲಸ ತರಬೇತಿ ಕೊಡುವುದು. ವಾರದಲ್ಲಿ ಅರ್ಧ ಭಾಗ ಓಡಾಟ, ಇನ್ನರ್ಧ ಮನೆಯಲ್ಲಿ ಕೂತು ಪಾಠ ಬರೆಯುವುದು, ಪಾಠದ ವಿಡಿಯೊ ಎಡಿಟ್ ಮಾಡುವುದು. ವಿಡಿಯೊ ಇರುವುದರಿಂದ ದಪ್ಪದ್ದರ ಕಡೆ ಮನಸ್ಸು ವಾಲಿತ್ತು. ಆದರೂ ಸುಮ್ನೆ ಪಟ್ಟಿ ಹೋಲಿಸುವುದನ್ನು ಬಿಟ್ಟು, ಒಂದೊಂದು ಸೌಲಭ್ಯಕ್ಕೂ ಒಂದೇ ಪ್ರಶ್ನೆ ಕೇಳಿದೆ: ಇದು ಇಲ್ಲದೆ ತಗೊಂಡರೆ ಆಮೇಲೆ ಹೊರಗಿನಿಂದ ಸೇರಿಸಿಕೊಳ್ಳಬಹುದಾ?

ಈ ಪ್ರಶ್ನೆಗೆ ಅರ್ಧ ಪಟ್ಟಿ ಉದುರಿಹೋಯಿತು. ಪೋರ್ಟ್ ಕಡಿಮೆ ಇದ್ದರೆ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪುಟ್ಟ ಸಾಧನ) ಹಾಕಿಕೊಳ್ಳಬಹುದು. ಜಾಗ ಸಾಲದಿದ್ದರೆ ಹೊರಗಿನ ಎಸ್‌ಎಸ್‌ಡಿ ಇದೆ. ಮೇಜಿನ ಮೇಲೆ ದೊಡ್ಡ ಮಾನಿಟರ್ ಇಡಬಹುದು. ಉಳಿದದ್ದು ನಾಲ್ಕೇ: ತೂಕ, ಬಿಸಿ ತಡೆಯುವ ಶಕ್ತಿ, ರ‍್ಯಾಮ್, ಕೀಬೋರ್ಡ್. ಇವು ಖರೀದಿಸಿದ ದಿನ ಹೇಗಿರುತ್ತವೋ ಕೊನೆವರೆಗೂ ಹಾಗೇ. ದಪ್ಪದ್ದರಲ್ಲಿ ರ‍್ಯಾಮ್ ಬದಲಿಸಬಹುದು, ಅದೊಂದು ವಿನಾಯಿತಿ.

ತೂಕದಿಂದ ಶುರು ಮಾಡಿದೆ. ಕಂಪನಿ ಬರೆಯುವುದು ಲ್ಯಾಪ್‌ಟಾಪಿನ ತೂಕ ಮಾತ್ರ. ನಾವು ಹೊರುವುದು ಚಾರ್ಜರನ್ನೂ ಸೇರಿಸಿ. ದಪ್ಪ ಮಾಡೆಲ್‌ಗೆ 230 ವ್ಯಾಟ್‌ನ ಅಡಾಪ್ಟರ್ ಬರುತ್ತಿತ್ತು. ಅಂಥದ್ದೇ ಒಂದು ಗೆಳೆಯನ ಹತ್ತಿರ ಇತ್ತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದರೆ ವೈರ್ ಸೇರಿ ಮುಕ್ಕಾಲು ಕೆಜಿ ದಾಟಿತು. ತೆಳುವಿನದು 65 ವ್ಯಾಟ್‌ನ ಟೈಪ್-ಸಿ ಚಾರ್ಜರ್, ಕೇಬಲ್ ಸೇರಿ 200 ಗ್ರಾಂ ಆಸುಪಾಸು. ಅದರಲ್ಲೇ ಫೋನೂ ಚಾರ್ಜ್ ಆಗುತ್ತೆ. ಹಬ್ ಒಂದು ಸೇರಿಸಿದರೂ ಬ್ಯಾಗ್‌ಗಳ ನಡುವಿನ ಅಂತರ ಒಂದೂವರೆ ಕೆಜಿ ಮೀರುತ್ತಿತ್ತು.

ಒಂದೂವರೆ ಕೆಜಿ ಅಂದರೆ ಓದುವಾಗ ಏನೂ ಅನ್ನಿಸಲ್ಲ. ಹಾಗಾಗಿ ಹಳೆಯ ಲ್ಯಾಪ್‌ಟಾಪಿನ ಜೊತೆ ನೀರು ತುಂಬಿದ ಬಾಟಲಿಗಳನ್ನು ಬ್ಯಾಗಿಗೆ ಹಾಕಿದೆ. 1 ಲೀಟರ್ ನೀರು ಅಂದರೆ 1 ಕೆಜಿ, ಲೆಕ್ಕ ಸುಲಭ. ಆ ಬ್ಯಾಗ್ ಹೊತ್ತುಕೊಂಡೇ ಕೆಲವು ದಿನ ಓಡಾಡಿದೆ. ನಡೆಯುವಾಗ ಅಷ್ಟು ಗೊತ್ತಾಗಲಿಲ್ಲ. ಬಸ್ಸಿನಲ್ಲಿ ನಿಂತಾಗ, ಮೆಟ್ಟಿಲು ಹತ್ತುವಾಗ ಭುಜ ಮಾತಾಡತೊಡಗಿತು. ಎರಡು ಮಾಡೆಲ್ ನಡುವೆ ಒದ್ದಾಡುತ್ತಿರುವವರು ಈ ಪರೀಕ್ಷೆ ಮಾಡಿ ನೋಡಿ. ಖರ್ಚಿಲ್ಲ.

ಚಾರ್ಜರ್ ವಿಷಯದಲ್ಲಿ ಇನ್ನೊಂದು ಮಾತು. ಟೈಪ್-ಸಿ ಮೂಲಕ ಹರಿಯುವ ವಿದ್ಯುತ್ತಿನ ಮಿತಿ ಮೊದಲು 100 ವ್ಯಾಟ್ ಇತ್ತು. 2021ರ ಹೊಸ ನಿಯಮದಲ್ಲಿ ಅದನ್ನು 240 ವ್ಯಾಟ್‌ಗೆ ಏರಿಸಿದರು. ಆದರೂ ಅನೇಕ ದಪ್ಪ ಲ್ಯಾಪ್‌ಟಾಪ್‌ಗಳು ಈಗಲೂ ತಮ್ಮದೇ ಇಟ್ಟಿಗೆಯಂಥ ಅಡಾಪ್ಟರ್ ಜೊತೆ ಬರುತ್ತವೆ. ಕೆಲವು ಚಿಕ್ಕ ಟೈಪ್-ಸಿ ಚಾರ್ಜರನ್ನೂ ಒಪ್ಪುತ್ತವೆ, ಬರೆಯುವ ಕೆಲಸಕ್ಕೆ ಅಷ್ಟು ಸಾಕು. ಪೂರ್ತಿ ವೇಗ ಬೇಕಂದರೆ ಮಾತ್ರ ದೊಡ್ಡದೇ ಬೇಕು. ಕೊಳ್ಳುವ ಮೊದಲು ಇದನ್ನು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಬಿಸಿ. ದಪ್ಪ ಲ್ಯಾಪ್‌ಟಾಪ್ ನಿಜವಾಗಿ ಕೊಡುವುದು ಇದನ್ನೇ ಅಂತ ನನ್ನ ಅಭಿಪ್ರಾಯ. ಪೋರ್ಟು ಗೀರ್ಟು ಎಲ್ಲ ಮೇಲಿನ ಅಲಂಕಾರ. ಒಳಗೆ ದೊಡ್ಡ ಫ್ಯಾನ್, ದಪ್ಪ ತಾಮ್ರದ ಪೈಪ್, ಗಾಳಿ ಓಡಾಡಲು ಜಾಗ ಇರುತ್ತೆ. ಅದರಿಂದಾಗಿ ಪ್ರೊಸೆಸರ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತೆ. ಇಂಟೆಲ್‌ನ ತೆಳು ಲ್ಯಾಪ್‌ಟಾಪಿನ ‘ಯು’ ಸರಣಿಯ ಚಿಪ್‌ಗಳಿಗೆ ತುಂಬಾ ವರ್ಷ ನಿರಂತರ ಬಳಕೆಗೆ 15 ವ್ಯಾಟ್‌ನ ಲೆಕ್ಕ ಇತ್ತು, ದಪ್ಪದವುಗಳ ‘ಎಚ್’ ಸರಣಿಗೆ 45 ವ್ಯಾಟ್. ಸ್ವಲ್ಪ ಹೊತ್ತು ಎರಡೂ ಅದಕ್ಕಿಂತ ಮೇಲೆ ಹಾರುತ್ತವೆ. ಆಮೇಲೆ ಬಿಸಿ ಏರಿದಂತೆ ತಮ್ಮ ಮಿತಿಗೆ ಇಳಿಯುತ್ತವೆ.

ಇದನ್ನು ಕಣ್ಣಾರೆ ನೋಡೋಣ ಅಂತ ಗೆಳೆಯರ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ನನ್ನ ಒಂದು ಉದ್ದದ ಪಾಠವನ್ನು ಎಕ್ಸ್‌ಪೋರ್ಟ್‌ಗೆ (ಎಡಿಟ್ ಆದದ್ದನ್ನು ಒಂದೇ ವಿಡಿಯೊ ಫೈಲ್ ಮಾಡುವುದು) ಹಾಕಿದೆ. ಪ್ರೊಸೆಸರಿನ ವೇಗ ತೋರಿಸುವ ಟಾಸ್ಕ್ ಮ್ಯಾನೇಜರನ್ನು ಎರಡರಲ್ಲೂ ತೆರೆದಿಟ್ಟೆ. ಮೊದಲ ಕೆಲವು ನಿಮಿಷ ತೆಳುವಿನದು ದಪ್ಪದ್ದಕ್ಕೆ ಸಮನಾಗಿ ಓಡಿತು. ಆಮೇಲೆ 4 ಗಿಗಾಹರ್ಟ್ಜ್ ಹತ್ತಿರ ಇದ್ದ ಅಂಕಿ ಮೆಲ್ಲಗೆ ಜಾರುತ್ತಾ 2.5ರ ಆಸುಪಾಸಿಗೆ ಬಂದು ಕೂತಿತು. ಕೀಬೋರ್ಡಿನ ಮೇಲ್ಭಾಗ ಕೈ ಇಡಲಾಗದಷ್ಟು ಬಿಸಿ. ದಪ್ಪದ್ದರ ಫ್ಯಾನ್ ಜೋರಾಗಿ ಕೂಗುತ್ತಿತ್ತು, ಅಂಕಿ ಮಾತ್ರ ಅಲ್ಲಾಡಲಿಲ್ಲ. ಒಂದೆರಡು ನಿಮಿಷದ ವೇಗ ಪರೀಕ್ಷೆಯಲ್ಲಿ ತೆಳು ಲ್ಯಾಪ್‌ಟಾಪ್ ಹೀರೊ ಆಗಿ ಕಾಣುವುದು ಇದೇ ಕಾರಣಕ್ಕೆ.

ಗ್ರಾಫಿಕ್ಸ್ ಕಾರ್ಡಿನ ಹೆಸರನ್ನೂ ಹಾಗೇ ನಂಬಬಾರದು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡಿಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಮಿತಿ ಇಡಬಹುದು. ಅದನ್ನು ಲ್ಯಾಪ್‌ಟಾಪ್ ತಯಾರಿಸುವವರು ತೀರ್ಮಾನಿಸುತ್ತಾರೆ. ತೆಳುವಿನೊಳಗಿನ 4060, ದಪ್ಪದ್ದರೊಳಗಿನ 4060 ಹೆಸರಿಗೆ ಒಂದೇ, ಕೆಲಸದಲ್ಲಿ ಬೇರೆ.

ಇಷ್ಟೆಲ್ಲ ನೋಡಿಯೂ ನಾನು ತೆಳುವಿನದನ್ನೇ ಆರಿಸಿದೆ. ನನ್ನ ಎಕ್ಸ್‌ಪೋರ್ಟ್ ಬಹುತೇಕ ರಾತ್ರಿ ಊಟಕ್ಕೆ ಏಳುವ ಮೊದಲು ಹಾಕಿ ಬಿಡುವಂಥದ್ದು, ಸ್ವಲ್ಪ ತಡವಾದರೆ ನಷ್ಟವಿಲ್ಲ. ಅದೂ ಅಲ್ಲದೆ, ವಿಡಿಯೊ ಕಟ್ಟುವ ಕೆಲಸಕ್ಕೆಂದೇ ಇಂಟೆಲ್ ಚಿಪ್‌ನ ಒಳಗೆ ಕ್ವಿಕ್ ಸಿಂಕ್ ಅನ್ನುವ ಬೇರೆ ಭಾಗ 2011ರಿಂದಲೂ ಇದೆ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆನ್ ಮಾಡಿದರೆ ಹೊರೆ ಅದಕ್ಕೆ ಹೋಗುತ್ತೆ. ಪಾಠದ ಸರಳ ವಿಡಿಯೊಗೆ ಅಷ್ಟು ಧಾರಾಳ ಸಾಕು. ಹಾಗಾದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ವರ್ಷಪೂರ್ತಿ ಹೆಗಲ ಮೇಲೆ ಯಾಕೆ ಹೊರಲಿ?

ಬ್ಯಾಟರಿಯಲ್ಲಿ ದೊಡ್ಡದಾದಷ್ಟೂ ಒಳ್ಳೆಯದು ಅನ್ನುವುದು ಪೂರ್ತಿ ನಿಜವಲ್ಲ. ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ತಿನ ಅಳತೆ) ಅನ್ನು ಸರಾಸರಿ ಬಳಕೆಯಿಂದ ಭಾಗಿಸಿ ನೋಡಿ. 70 ವ್ಯಾಟ್-ಅವರ್ ಬ್ಯಾಟರಿಯ ತೆಳು ಯಂತ್ರ 7 ವ್ಯಾಟ್ ಎಳೆದರೆ 10 ಗಂಟೆ. 90 ವ್ಯಾಟ್-ಅವರ್‌ನ ದಪ್ಪದ್ದು 20 ವ್ಯಾಟ್ ಎಳೆದರೆ ನಾಲ್ಕೂವರೆ ಗಂಟೆ. ಬ್ಯಾಟರಿಯನ್ನು ಬೇಕಾದಷ್ಟು ದೊಡ್ಡದು ಮಾಡಲೂ ಆಗಲ್ಲ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ಕ್ಕೆ ಬಂದು ನಿಲ್ಲುವುದು ಅದಕ್ಕೇ.

ತೆಳುವಿನದು ಅಂತ ನಿರ್ಧಾರ ಆದ ಮೇಲೆ ನಾನು ಬಿಗಿಪಟ್ಟು ಹಿಡಿದದ್ದು ರ‍್ಯಾಮ್ ವಿಷಯದಲ್ಲಿ. ಇಂಥವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಜೊತೆಗೆ ಒಳಗಿನ ಗ್ರಾಫಿಕ್ಸ್ ಕೂಡ ಅದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತೆ. 16 ಜಿಬಿ ಅಗ್ಗಕ್ಕೆ ಸಿಗುತ್ತಿತ್ತು, ಆದರೂ 32 ಜಿಬಿಯದನ್ನೇ ತಗೊಂಡೆ. ಎಸ್‌ಎಸ್‌ಡಿ ಚಿಕ್ಕದಿದ್ದರೂ ಪರವಾಗಿಲ್ಲ ಅಂದುಕೊಂಡೆ, ಅದನ್ನು ಬದಲಿಸಬಹುದಿತ್ತು.

ಪೋರ್ಟ್ ನೋಡುವಾಗ ಎಷ್ಟಿವೆ ಅನ್ನುವುದಕ್ಕಿಂತ ಎಂಥವು ಅನ್ನುವುದು ಮುಖ್ಯ. ಟೈಪ್-ಸಿ ಎಲ್ಲವೂ ನೋಡಲು ಒಂದೇ ಥರ. ಒಂದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ಹೋಗುತ್ತೆ, ಮಾನಿಟರ್‌ಗೆ ಚಿತ್ರವೇ ಬರದೆ ಇರಬಹುದು. ಥಂಡರ್‌ಬೋಲ್ಟ್ 4 (ಅದೇ ಆಕಾರದ ವೇಗದ ಪೋರ್ಟ್) ಇದ್ದರೆ 40 ಗಿಗಾಬಿಟ್. ಆಗ ಮೇಜಿನ ಮೇಲೊಂದು ಡಾಕ್ (ದೊಡ್ಡ ಹಬ್‌ನಂಥದ್ದು) ಇಟ್ಟು, ಒಂದೇ ಕೇಬಲ್‌ನಲ್ಲಿ ಮಾನಿಟರ್, ಲ್ಯಾನ್, ಚಾರ್ಜ್ ಎಲ್ಲ ಮುಗಿಸಬಹುದು. ನಾನು ಹಾಗೇ ಮಾಡಿಕೊಂಡಿದ್ದೇನೆ. ಅಂದಹಾಗೆ 2008ರಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರಗೆಳೆದಾಗ ಅದರಲ್ಲಿ ಇದ್ದದ್ದು ಒಂದೇ ಯುಎಸ್‌ಬಿ ಪೋರ್ಟ್, ಸಿಡಿ ಡ್ರೈವ್ ಇರಲಿಲ್ಲ. ಈಗ ದಪ್ಪ ಲ್ಯಾಪ್‌ಟಾಪಿನಲ್ಲೂ ಸಿಡಿ ಡ್ರೈವ್ ಹುಡುಕಿದರೆ ಸಿಗಲ್ಲ.

ನನ್ನ ತಮ್ಮ ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ದಪ್ಪದ್ದನ್ನು ತಗೊಂಡ. ಅವನದು ಕಟ್ಟಡಗಳ 3ಡಿ ವಿನ್ಯಾಸ. ಒಂದು ರೆಂಡರ್ (ವಿನ್ಯಾಸದಿಂದ ಅಂತಿಮ ಚಿತ್ರ ತೆಗೆಯುವ ಲೆಕ್ಕ) ಗಂಟೆಗಟ್ಟಲೆ ಓಡುತ್ತೆ, ಅದು ಮುಗಿಯುವವರೆಗೂ ಮುಂದಿನ ಕೆಲಸ ನಿಲ್ಲುತ್ತೆ. ಲ್ಯಾಪ್‌ಟಾಪ್ ಮೇಜು ಬಿಟ್ಟು ಏಳುವುದೇ ಅಪರೂಪ. “ಅಣ್ಣಾ, ನಿಂಗೆ ತೂಕ, ನಂಗೆ ಟೈಮು” ಅಂದ. ಸರಿಯಾಗೇ ಹೇಳಿದ. ಮೊದಲು 16 ಜಿಬಿಯಲ್ಲಿ ತಂದು ಆಮೇಲೆ ತಾನೇ ಸ್ಕ್ರೂ ಬಿಚ್ಚಿ ಇನ್ನೊಂದು 16 ಸೇರಿಸಿಕೊಂಡ. ನಂಗೆ ಆ ಸುಖ ಇಲ್ಲ.

ಕೀಬೋರ್ಡ್ ಮಾತ್ರ ಅಂಗಡಿಗೇ ಹೋಗಿ ಒತ್ತಿ ನೋಡಬೇಕು. ತೀರಾ ತೆಳುವಾದವುಗಳಲ್ಲಿ ಕೀ 1 ಮಿಲಿಮೀಟರ್ ಅಷ್ಟೇ ಇಳಿಯುತ್ತೆ, ದಿನವಿಡೀ ಬರೆದರೆ ಬೆರಳ ತುದಿ ನೋಯುತ್ತೆ. ನಾನು ಒಂದೂವರೆ ಮಿಲಿಮೀಟರ್ ಇಳಿಯುವುದನ್ನು ಹುಡುಕಿದೆ, ಅದಕ್ಕಾಗಿ ಸ್ವಲ್ಪ ದಪ್ಪಕ್ಕೂ ಒಪ್ಪಿಕೊಂಡೆ. ನಂಬರ್ ಪ್ಯಾಡ್ ಇಲ್ಲದ ಕೊರತೆ ಈಗಲೂ ಕಾಡುತ್ತೆ. ಬೇರೆಯಾಗಿ ಒಂದು ಕೊಂಡು ಡಾಕ್‌ಗೆ ಸಿಕ್ಕಿಸಿದ್ದೇನೆ. ಹೊರಗಡೆ ಲೆಕ್ಕದ ಶೀಟ್ ತುಂಬಬೇಕಾಗಿ ಬಂದಾಗ ಮೇಲಿನ ಸಾಲಿನ ಅಂಕಿಗಳನ್ನೇ ಹುಡುಕಿ ಹುಡುಕಿ ಒತ್ತುತ್ತೇನೆ.